ಪಾಳು ಗೋಡೆಗಳ ಸಾಕ್ಷ್ಯ

ಶ್ರೀರಂಗಪಟ್ಟಣದ ಕೋಟೆಯನ್ನು ನೋಡಬಂದವರು ಮುರಿದ ಗೋಡೆಗಳೆದುರು ನಿಂತು, ‘ಎಲ್ಲವೂ ಕಾಲನ ಮಹಿಮೆ’ ಎಂದು ನಿಟ್ಟುಸಿರುಬಿಟ್ಟು ಮುಂದೆ ಸಾಗುವುದು ವಾಡಿಕೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಮಾತು ಒಪ್ಪಿಗೆಯಾಗದು. ಕಾಲವು ತಾನಾಗಿ ಯಾವ ಗೋಡೆಯನ್ನೂ ಕೆಡಹುವುದಿಲ್ಲ. ಪ್ರತಿಯೊಂದು ಪತನಕ್ಕೂ ಒಂದು ಕಾರಣವುಂಟು.

ವಾಯವ್ಯ ದಿಕ್ಕಿನ ಗೋಡೆಯನ್ನು ಒಡೆದವು 1799ರ ಬ್ರಿಟಿಷ್ ಫಿರಂಗಿಗಳು. ಮಳೆಗಾಲಕ್ಕೆ ಮುನ್ನ ಕಾವೇರಿಯ ನೀರು ಇಳಿದಿತ್ತು. ಮೇ 4ರಂದು ಸೈನಿಕರು ಹೊಳೆ ಹಾಯ್ದು ಆ ಕಂಡಿಯಿಂದ ಒಳನುಗ್ಗಿದರು. ಲಾಲ್ ಮಹಲ್ ಅರಮನೆಯ ಕಥೆ ಬೇರೆ. ಅದನ್ನು ಗೆದ್ದವರು ಯುದ್ಧ ಮುಗಿದ ಮೇಲೆ ಕಳಚಿಹಾಕಿದರು. ಅದರ ತೊಲೆಗಳು ಉದಕಮಂಡಲದಲ್ಲಿ 1829ರಲ್ಲಿ ಅಸ್ತಿಭಾರ ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚನ್ನು ಸೇರಿದವು.

ಉಳಿದ ಗೋಡೆಗಳ ಮೇಲೆ ಇಂದಿಗೂ ಮುತ್ತಿಗೆ ನಡೆದೇ ಇದೆ. ಮಳೆಯ ಹನಿಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲ ಆಮ್ಲವಾಗಿ, ಗಾರೆಯ ಸುಣ್ಣವನ್ನು ಮೆಲ್ಲಗೆ ಕರಗಿಸುತ್ತದೆ. ಆ ಸಂದಿನಲ್ಲಿ ಹಕ್ಕಿ ಉದುರಿಸಿದ ಅರಳಿಯ ಬೀಜ ಮೊಳೆಯುತ್ತದೆ. ಮೊದಲ ವರ್ಷ ಅದನ್ನು ಎರಡು ಬೆರಳುಗಳಿಂದ ಕೀಳಬಹುದು. ಬೇರು ದಪ್ಪವಾಗಿ ಕಲ್ಲುಗಳನ್ನು ಅಗಲಿಸಿದ ಮೇಲೆ ಕೀಳಹೋದರೆ ಗೋಡೆಯೇ ಕಿತ್ತುಬರುತ್ತದೆ.

ಮನಸ್ಸು ಮಾಡಿದರೆ ನಮಗೆ ಸಾಧ್ಯವಾಗದ್ದೇನೂ ಅಲ್ಲ. ರೈಲುದಾರಿಯನ್ನು ಜೋಡಿಮಾರ್ಗ ಮಾಡುವಾಗ ಅಡ್ಡಬಂದ ಟಿಪ್ಪುವಿನ ಮದ್ದಿನಮನೆಯನ್ನು 2017ರಲ್ಲಿ ಜಾಕಿಗಳಿಂದ ಎತ್ತಿ, ಇಡಿಯಾಗಿಯೇ ಸುಮಾರು 100 ಮೀಟರು ದೂರಕ್ಕೆ ಸರಿಸಿದರು. ಅಷ್ಟು ದೊಡ್ಡ ಸಾಹಸಕ್ಕೆ ಸಿದ್ಧರಾದ ನಾವು, ಒಂದು ಅರಳಿ ಸಸಿಯನ್ನು ಸಕಾಲದಲ್ಲಿ ಗಮನಿಸಲಾರೆವೆ?

ಗ್ವಾಟೆಮಾಲದ ದಟ್ಟ ಕಾಡಿನಲ್ಲಿ ಅಡಗಿದ್ದ ಪ್ರಾಚೀನ ಮಾಯಾ ನಗರಗಳ 60,000ಕ್ಕೂ ಮಿಕ್ಕಿದ ಕಟ್ಟಡಗಳನ್ನು ವಿಮಾನದಿಂದ ಹಾಯಿಸಿದ ಲೇಸರ್ ಕಿರಣಗಳು ತೋರಿಸಿಕೊಟ್ಟುದಾಗಿ 2018ರಲ್ಲಿ ಪ್ರಕಟವಾಯಿತು. ನಮ್ಮ ಪಾಳುಗೋಡೆಗಳಾದರೋ ಹಗಲುಬೆಳಕಿನಲ್ಲಿಯೇ ನಿಂತಿವೆ. ಇಲ್ಲಿ ಬೇಕಾದುದು ಲೇಸರಲ್ಲ, ನೋಡುವ ಅಭ್ಯಾಸ.

ಆದುದರಿಂದ ನಮ್ಮದೊಂದು ಸಲಹೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಶಾಲೆಗಳು ಪ್ರತಿವರ್ಷವೂ ಮಳೆಗಾಲ ಕಳೆದೊಡನೆ ಮಕ್ಕಳನ್ನು ಕೋಟೆಗೆ ಕರೆತರಲಿ. ಗೊತ್ತುಪಡಿಸಿದ ಬಿರುಕುಗಳ ಪಕ್ಕದಲ್ಲಿ, ಗೋಡೆಗೆ ತಾಕದಂತೆ ಅಳತೆಪಟ್ಟಿ ಹಿಡಿದು ಚಿತ್ರ ತೆಗೆದು, ಹಿಂದಿನ ವರ್ಷದ ಚಿತ್ರದೊಡನೆ ಹೋಲಿಸಿ, ಕಂಡದ್ದನ್ನು ಸಂಬಂಧಪಟ್ಟ ಇಲಾಖೆಗೆ ಬರೆದು ತಿಳಿಸಲಿ. ಹೊಸಹೊಳಲು, ಕಂಬದಹಳ್ಳಿಗಳ ಹಳೆಯ ಗುಡಿ ಬಸದಿಗಳಿಗೂ ಇದೇ ಕ್ರಮ ಸಲ್ಲುತ್ತದೆ.

ಬಿರುಕನ್ನು ಅಳೆಯಲು ಕಲಿತ ಮಗು ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತಲಾರದು. ಕಾಲನನ್ನು ದೂರುವುದನ್ನೂ ಅದು ಬಿಡುತ್ತದೆ.