ನರಸಿಂಗರಾಯರೂ ರಾಜ್ಯಾಂಗದ ಕರ್ತೃತ್ವವೂ

ಭಾರತದ ರಾಜ್ಯಾಂಗವನ್ನು ರಚಿಸಿದವರು ಡಾ. ಅಂಬೇಡ್ಕರರಲ್ಲ, ಸರ್ ಬೆನೆಗಲ್ ನರಸಿಂಗರಾಯರು ಎಂಬ ವಾದವು ಈಚಿನ ವರ್ಷಗಳಲ್ಲಿ ಅಲ್ಲಲ್ಲಿ ಗಟ್ಟಿಯಾಗಿ ಕೇಳಿಬರುತ್ತಿದೆ. ದಕ್ಷಿಣ ಕನ್ನಡದ ಸುಪುತ್ರರೊಬ್ಬರ ಕೀರ್ತಿಗೆ ಕನ್ನಡಿಗರು ಹಿಗ್ಗುವುದು ಯುಕ್ತವೇ ಸರಿ. ಆದರೆ ಒಬ್ಬರನ್ನು ಇಳಿಸುವುದಕ್ಕಾಗಿ ಇನ್ನೊಬ್ಬರನ್ನು ಏರಿಸುವ ಈ ಹವಣಿಕೆಯಿಂದ ಮೊದಲು ಅನ್ಯಾಯವಾಗುವುದು ರಾಯರಿಗೇ.

1887ರಲ್ಲಿ ಜನಿಸಿದ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿಯೂ ಮುಂದೆ ಕೇಂಬ್ರಿಜ್ಜಿನಲ್ಲಿಯೂ ಓದಿ ಐ.ಸಿ.ಎಸ್. ಸೇರಿದರು, ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾದರು, ಕಾಶ್ಮೀರ ಸಂಸ್ಥಾನದ ಪ್ರಧಾನಿಯಾದರು. 1946ರಲ್ಲಿ ರಾಜ್ಯಾಂಗ ಸಲಹೆಗಾರರ ಹೊಣೆಯನ್ನು ಅವರು ವಹಿಸಿಕೊಂಡದ್ದು ವೇತನವಿಲ್ಲದೆ. ನಾನಾ ದೇಶಗಳ ರಾಜ್ಯಾಂಗಗಳನ್ನು ಶೋಧಿಸಿ, ಅಮೆರಿಕ, ಕೆನಡ, ಐರ್ಲೆಂಡ್, ಬ್ರಿಟನ್ನುಗಳಿಗೆ ಹೋಗಿ ಅಲ್ಲಿಯ ನ್ಯಾಯವಿಶಾರದರೊಡನೆ ಸಮಾಲೋಚಿಸಿದರು. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು.

ಆ ಕರಡು ಬುನಾದಿ, ಮನೆಯಲ್ಲ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಅದನ್ನು ತಿದ್ದಿ ಬೆಳೆಸಿತು. ಸಭೆಯ ಮುಂದೆ ಸೂಚಿತವಾದ ತಿದ್ದುಪಡಿಗಳು 7,635, ಮಂಡಿತವಾದವು 2,473. ಕಡೆಗೆ ಅಂಗೀಕೃತವಾದದ್ದು 395 ವಿಧಿಗಳ, 8 ಅನುಸೂಚಿಗಳ ರಾಜ್ಯಾಂಗ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರೇ ಕೀರ್ತಿಯ ಪಾಲನ್ನು ರಾಯರಿಗೂ ಕರಡುಲೇಖಕ ಎಸ್. ಎನ್. ಮುಖರ್ಜಿಯವರಿಗೂ ಮನಸಾರೆ ಹಂಚಿಕೊಟ್ಟರು. ಕೊಟ್ಟವರಿಗಿಲ್ಲದ ಜಗಳ ನಮಗೇಕೆ?

ರಾಯರು ರಾಜ್ಯಾಂಗ ಸಭೆಯ ಸದಸ್ಯರಾಗಿರಲಿಲ್ಲ. ಅವರಿಗೆ ಅಲ್ಲಿ ಮತವಿರಲಿಲ್ಲ. ಮೂಲಭೂತ ಹಕ್ಕುಗಳಿಗೂ ನಿರ್ದೇಶಕ ತತ್ತ್ವಗಳಿಗೂ ವಿರೋಧ ಬಂದಲ್ಲಿ ತತ್ತ್ವಗಳೇ ಮೇಲಾಗಬೇಕೆಂದು ಅವರು ಸೂಚಿಸಿದರು, ಸಮಿತಿಯು ಒಪ್ಪಲಿಲ್ಲ. ಪಂಡಿತನು ಬಲ್ಲುದನ್ನು ನಿರ್ಭೀತಿಯಿಂದ ಹೇಳಬೇಕು, ನಿರ್ಣಯವು ಜನಪ್ರತಿನಿಧಿಗಳದಾಗಬೇಕು. ಈ ಮೇರೆಯನ್ನು ಅರಿತು ನಡೆದುದರಲ್ಲಿಯೇ ರಾಯರ ಹಿರಿಮೆ ಇರುವುದು. ಮುಂದೆ ಭದ್ರತಾ ಮಂಡಲಿಯಲ್ಲಿ ಭಾರತದ ಪ್ರತಿನಿಧಿಯಾಗಿಯೂ, 1952ರಿಂದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿಯೂ ದುಡಿದು ಅವರು 1953ರಲ್ಲಿ ತೀರಿಕೊಂಡರು.

ರಾಜ್ಯಾಂಗದ ಅಧಿಕಾರವು ಅದನ್ನು ಬರೆದ ಕೈಯಿಂದ ಬಂದುದಲ್ಲ. ಸಿರಾ ಸೀಮೆಯ ಗೌಡಗೆರೆಯ ಕೂಲಿಕಾರನ ಮತಕ್ಕೂ ದಿಲ್ಲಿಯ ವಿದ್ವಾಂಸನ ಮತಕ್ಕೂ ಅದು ಒಂದೇ ತೂಕವನ್ನಿತ್ತಿದೆ. ಆ ಕೂಲಿಕಾರನ ಸಮ್ಮತಿಯೇ ಅದರ ಬಲ. ಕರಡನ್ನು ಬರೆದವರ ಜಾತಿಯನ್ನು ಕೆದಕುವವರು ಈ ಬಲವನ್ನೇ ಸಡಿಲಿಸುತ್ತಿದ್ದಾರೆ. ರಾಯರ ಹೆಸರನ್ನೆತ್ತುವವರು ರಾಯರ ಸಂಯಮವನ್ನೂ ಒಂದಿಷ್ಟು ಕಲಿಯಲಿ.