ಸದುದ್ದೇಶವೊಂದೇ ಸಾಲದು

ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದರೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಜನಹಿತಕ್ಕೆಂದು ಮಾರುಕಟ್ಟೆಯಲ್ಲಿ ಕೈಯಿಡುವ ಸರಕಾರಗಳಿಗೂ ಈ ಮಾತು ಒಮ್ಮೊಮ್ಮೆ ಅನ್ವಯಿಸುತ್ತದೆ. ಪಂಜಾಬಿನ ಬತ್ತದ ಕಥೆ ಇದಕ್ಕೊಂದು ನಿದರ್ಶನ.

1960ರ ದಶಕದ ನಡುವಿನಲ್ಲಿ ಬರಗಾಲದಿಂದ ಬಳಲಿದ ಭಾರತವು ಅಮೆರಿಕದ ಗೋದಿಗಾಗಿ ಕಾಯಬೇಕಾಗಿತ್ತು. ಈ ಪರಾಧೀನತೆಯನ್ನು ನೀಗಲು ಸರಕಾರವು ಗೋದಿಗೂ ಬತ್ತಕ್ಕೂ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. 1965ರಲ್ಲಿ ಸ್ಥಾಪನೆಯಾದ ಭಾರತ ಆಹಾರ ನಿಗಮದ ಮೂಲಕ ಧಾನ್ಯವನ್ನು ತಾನೇ ಕೊಳ್ಳತೊಡಗಿತು. ದೇಶದ ಕಣಜ ತುಂಬಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಖಚಿತವಾಗಿ ಮಾರಾಟವಾಗುವ ಬೆಳೆಯನ್ನು ಬಿಟ್ಟು ಬೇರೆಯದನ್ನು ಬೆಳೆಯುವ ರೈತನುಂಟೆ? ಮಳೆ ಕಡಮೆಯಿರುವ ಪಂಜಾಬಿನಲ್ಲಿ ಮೆಕ್ಕೆಜೋಳ, ಬೇಳೆಕಾಳುಗಳ ಹೊಲಗಳೂ ನೀರು ನಿಲ್ಲಿಸಿದ ಗದ್ದೆಗಳಾದುವು. 1997ರಲ್ಲಿ ಅಲ್ಲಿನ ರಾಜ್ಯ ಸರಕಾರವು ಕೃಷಿ ಪಂಪುಗಳಿಗೆ ಉಚಿತ ವಿದ್ಯುತ್ತನ್ನು ನೀಡಿತು. ನೀರೆತ್ತಲು ಕಾಸೂ ಖರ್ಚಿಲ್ಲವೆಂದಾದಾಗ ನೀರಿನ ಬೆಲೆ ಯಾರಿಗೆ ತಿಳಿದೀತು? ಅಂತರ್ಜಲವು ವರ್ಷ ವರ್ಷವೂ ಕೆಳಗಿಳಿಯಿತು.

ಈ ಹಾನಿಯನ್ನು ತಡೆಯಲು 2009ರಲ್ಲಿ ಇನ್ನೊಂದು ಕಾನೂನು ಬಂದಿತು. ಜೂನ್ 10ಕ್ಕೆ ಮೊದಲು ಬತ್ತದ ನಾಟಿ ಮಾಡಕೂಡದೆಂದು ಅದು ವಿಧಿಸಿತು. ಬಿರುಬೇಸಗೆಯಲ್ಲಿ ಆವಿಯಾಗಿ ಹೋಗುವ ನೀರನ್ನು ಉಳಿಸುವುದು ಅದರ ಆಶಯ. ನಾಟಿ ತಡವಾದುದರಿಂದ ಕೊಯ್ಲೂ ತಡವಾಯಿತು; ಗೋದಿಯ ಬಿತ್ತನೆಗೆ ಮೊದಲು ಎರಡು ಮೂರು ವಾರಗಳಷ್ಟೇ ಉಳಿದುವು. ಯಂತ್ರದ ಕೊಯ್ಲಿನ ಬಳಿಕ ನಿಂತ ಕೂಳೆಯನ್ನು ಸುಡುವ ರೂಢಿ ಮೊದಲೂ ಇತ್ತು. ಈಗ ಅದು ಗಾಳಿ ಮಂದವಾಗುವ ಚಳಿಗಾಲದ ಅಂಚಿಗೆ ಸರಿಯಿತು. ಆ ಹೊಗೆ ವಾಹನಗಳ ಹೊಗೆಯೊಡನೆ ಬೆರೆತು ದೂರದ ದೆಹಲಿಯ ಮಕ್ಕಳ ಉಸಿರನ್ನು ಕಟ್ಟಿಸುತ್ತದೆ.

ಇಲ್ಲಿ ಕೇಡು ಬಯಸಿದವರು ಯಾರೂ ಇಲ್ಲ. ಸರಕಾರವು ಹಸಿದವರನ್ನು ನೆನೆಯಿತು; ರೈತನು ತನ್ನ ಸಂಸಾರವನ್ನು ನೆನೆದನು. ತಪ್ಪಿದುದು ಮುಂದಾಲೋಚನೆ. ಯಾವ ವಸ್ತು ವಿರಳವಾಗುತ್ತಿದೆಯೆಂದು ಸಾರುವ ಡಂಗುರವೇ ಬೆಲೆ. ಆ ಡಂಗುರವನ್ನು ನಿಲ್ಲಿಸಿದರೆ ಅಪಾಯ ನಿಲ್ಲುವುದಿಲ್ಲ. ಅದರ ಸುಳಿವು ಮಾತ್ರ ತಪ್ಪಿಹೋಗುತ್ತದೆ.

ರೈತನಿಗೆ ನೆರವು ಬೇಡವೆಂದು ಇದರ ಅರ್ಥವಲ್ಲ. ಉಳಿಸಿದ ವಿದ್ಯುತ್ತಿಗೆ ರೈತನಿಗೆ ಹಣ ಕೊಡುವ ಪ್ರಯೋಗವನ್ನು ಪಂಜಾಬ್ 2018ರಲ್ಲಿ ಆರಂಭಿಸಿತು. ನೆರವನ್ನು ಹಿಂತೆಗೆಯದೆ ನೀರಿನ ಬೆಲೆಯನ್ನು ನೆನಪಿಸುವ ದಾರಿಯಿದು.

ಕಾನೂನು ಮಾಡುವವರು ‘ಇದರಿಂದ ಯಾರಿಗೆ ಒಳಿತು?’ ಎಂದು ಕೇಳಿದರೆ ಸಾಲದು. ‘ಇದಾದ ಮೇಲೆ ಏನಾದೀತು?’ ಎಂದೂ ಕೇಳಬೇಕು. ನಾಳೆ ಮತದಾರರಾಗುವ ನೀವು ಈ ಎರಡನೆಯ ಪ್ರಶ್ನೆಯನ್ನು ಕೇಳಲು ಇಂದೇ ಕಲಿಯಬೇಕು.