ತಾಯಿ ಕಾರ್ಡ್ ಕೇಳದ ಪ್ರಶ್ನೆ

ಪೋಸ್ಟ್ ಉದ್ದ ಇದೆ, ಪೂರ್ತಿ ಓದಿ.

ನಮ್ಮ ಕೇರಿಗಳಲ್ಲಿ ಮಗು ಮಂಕಾಗಿ ಹುಟ್ಟಿದರೆ ಮೊದಲ ಬೈಗುಳ ತಾಯಿಗೆ. ಸರಿಯಾಗಿ ಉಣ್ಣಲಿಲ್ಲ, ಕಬ್ಬಿಣದ ಮಾತ್ರೆ ನುಂಗಲಿಲ್ಲ, ಸೋದರಮಾವನ್ನೇ ಮದುವೆಯಾದ್ಳು. ಏಳು ತಿಂಗಳ ತನಕ ಆಕೆ ಯಾರ ಹೊಲದಲ್ಲಿ, ಏನು ಮುಟ್ಟಿಕೊಂಡು ಕೂಲಿ ಮಾಡಿದ್ಳು ಅಂತ ಯಾರೂ ಕೇಳಲ್ಲ. ತಾಯಿ ಕಾರ್ಡಿನಲ್ಲಿ ತೂಕಕ್ಕೆ ಜಾಗ ಇದೆ, ಬಿಪಿಗೆ ಇದೆ, ರಕ್ತಕ್ಕೆ ಇದೆ. ಔಷಧಿ ಹೊಡೆಯೋ ಹೊಲದಲ್ಲಿ ಕೆಲಸ ಮಾಡ್ತೀಯಾ ಅನ್ನೋ ಪ್ರಶ್ನೆಗೆ ಇಲ್ಲ.

ಟೊಮೆಟೊ, ಆಲೂಗಡ್ಡೆ, ದ್ರಾಕ್ಷಿಗೆ ಹೊಡೆಯೋ ಮ್ಯಾಂಕೋಜೆಬ್ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ 'ಎಂ-45' ಅಂತ ಕೇಳ್ತೀವಲ್ಲ, ಆ ಹಳದಿ ಪುಡಿ. ಅದು ದೇಹದೊಳಗೆ ಒಡೆದು ಇಟಿಯು ಎಂಬ ರಾಸಾಯನಿಕವಾಗುತ್ತದೆ. ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸುವುದಕ್ಕೆ ಇಟಿಯು ಅಡ್ಡ ಬರುತ್ತದೆ. ಗರ್ಭದ ಮೊದಲ ಮೂರು ತಿಂಗಳು ಮಗುವಿಗೆ ಸ್ವಂತ ಥೈರಾಯ್ಡ್ ಹಾರ್ಮೋನ್ ಇರಲ್ಲ. ತಾಯಿಯ ಹಾರ್ಮೋನಿನಿಂದಲೇ ಅದರ ಮಿದುಳು ಕಟ್ಟಿಕೊಳ್ಳಬೇಕು. ಆ ದಿನಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತಲೇ ಗೊತ್ತಿರಲ್ಲ, ಹೊಲದಲ್ಲಿರ್ತಾರೆ.

ಬೆನ್ನಿಗೆ ಕ್ಯಾನ್ ಹೊತ್ತು ಹೊಡೆಯೋನು ಗಂಡಸು. ನೀರು ಹೊತ್ತು ತಂದು ಬರಿಗೈಲಿ ಪುಡಿ ಕಲಸೋಳು, ಹೊಡೆದ ಸಾಲಲ್ಲೇ ಕಳೆ ಕೀಳೋಳು, ರಾತ್ರಿ ಗಂಡನ ಆ ಬಟ್ಟೆ ಒಗೆಯೋಳು ಹೆಂಗಸು. ಭೂಮಿ ಇಲ್ಲದ ಜಾತಿಗಳ ಹೆಂಗಸು.

2020ರಲ್ಲಿ ಯುರೋಪಿಯನ್ ಒಕ್ಕೂಟ ಮ್ಯಾಂಕೋಜೆಬ್‌ಗೆ ಪರವಾನಗಿ ನವೀಕರಿಸಲ್ಲ ಅಂತು. ಕಾರಣ: ಇದು ಹಾರ್ಮೋನ್ ಕೆಡಿಸುತ್ತೆ, ಹುಟ್ಟಲಿರುವ ಮಗುವಿಗೆ ಹಾನಿ. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರವೂ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿತು, ಮ್ಯಾಂಕೋಜೆಬ್ ಅದರಲ್ಲಿತ್ತು. 2023ರ ಅಂತಿಮ ಆದೇಶದ ಹೊತ್ತಿಗೆ ನಿಷೇಧದ ಪಟ್ಟಿಯಿಂದ ಅದರ ಹೆಸರೇ ಮಾಯ.

'ಮಗುವಿಗೆ ಇದರಿಂದಲೇ ಆಯ್ತು ಅನ್ನೋಕೆ ಪುರಾವೆ ಎಲ್ಲಿ?' ಅಂತ ಕೇಳೋರಿದ್ದಾರೆ. ಅವರಿಗೆ ಇಟಲಿಯ ಸೆವೆಸೊ ನೆನಪಿಸ್ತೀನಿ. 1976ರ ಜುಲೈ 10ರಂದು ಅಲ್ಲೊಂದು ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಮೋಡ ಊರ ಮೇಲೆ ಬಿತ್ತು. ಆ ಹೆಂಗಸರಿಗೆ 1994ರಿಂದ 2005ರ ನಡುವೆ ಹುಟ್ಟಿದ ಮಕ್ಕಳ ರಕ್ತದ ವರದಿಗಳನ್ನು ಸಂಶೋಧಕರು ತೆಗೆದು ನೋಡಿದರು. ವಿಷ ಬೀಳದ ಊರುಗಳಲ್ಲಿ ಟಿಎಸ್‌ಎಚ್ ಹೆಚ್ಚಿದ್ದ ಕೂಸುಗಳು ನೂರಕ್ಕೆ ಸುಮಾರು 3. ಹೆಚ್ಚು ವಿಷ ಬಿದ್ದ ಕಡೆ ನೂರಕ್ಕೆ 16. ಟಿಎಸ್‌ಎಚ್ ಏರಿದೆ ಅಂದರೆ ಥೈರಾಯ್ಡ್ ಏದುಸಿರು ಬಿಡ್ತಿದೆ ಅಂತ ಅರ್ಥ. ದುರಂತ ನಡೆದು ಹದಿನೆಂಟು ವರ್ಷ ದಾಟಿದ ಮೇಲೂ ಹೀಗೆ.

ಡಯಾಕ್ಸಿನ್ ಬೇರೆ, ಮ್ಯಾಂಕೋಜೆಬ್ ಬೇರೆ, ಒಪ್ತೀನಿ. ಆದರೆ ಇಟಲಿಗೆ ಇದು ಗೊತ್ತಾಗಿದ್ದು ಹೇಗೆ? ಅಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ಪರೀಕ್ಷೆ ಮಾಡ್ತಾರೆ. ನಮ್ಮಲ್ಲಿ ಆ ಹನಿ ರಕ್ತವನ್ನೇ ತೆಗೆಯದೆ ಪುರಾವೆ ಇಲ್ಲ ಅಂದರೆ ಹೇಗೆ ಸ್ವಾಮಿ?

1928ರಲ್ಲೇ ಬಾಬಾಸಾಹೇಬರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ಮಾತಾಡಿದ್ದರು. ಬಸುರಿ ಕಾರ್ಮಿಕಳಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಖರ್ಚಿನ ಬಹುಪಾಲನ್ನು ಸರ್ಕಾರ ಹೊರಬೇಕು ಅಂದಿದ್ದರು. ಸುಮಾರು ನೂರು ವರ್ಷ ಆಗ್ತಾ ಬಂತು, ಹೊಲದ ಕೂಲಿಯವಳ ತನಕ ಅದು ಬಂದೇ ಇಲ್ಲ. 'ಕೆಲಸ ಬಿಡಮ್ಮ' ಅನ್ನೋ ಉಪದೇಶ ಮಾತ್ರ ಬಂದಿದೆ. ಬಿಟ್ಟರೆ ಸಂಜೆ ಒಲೆ ಹಚ್ಚೋದು ಹೇಗೆ?

ನಾವು ಕೇಳಬೇಕಾದದ್ದು ಇಷ್ಟು:

1. ಪ್ರತಿ ಸರ್ಕಾರಿ ಹೆರಿಗೆಯಲ್ಲೂ ಕೂಸಿನ ಥೈರಾಯ್ಡ್ ಪರೀಕ್ಷೆ ಕಡ್ಡಾಯ ಆಗಲಿ. ಪಕ್ಕದ ಕೇರಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡ್ತಿದೆ. ಹಾರ್ಮೋನ್ ಕೊರತೆ ಇರೋ ಕೂಸಿಗೆ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಿದುಳು ಉಳಿಯುತ್ತೆ.
2. ತಾಯಿ ಕಾರ್ಡಿನಲ್ಲಿ ಕೆಲಸದ ಪ್ರಶ್ನೆ, ಔಷಧಿಯ ಪ್ರಶ್ನೆ ಬರಲಿ.
3. ಬಸುರಿ ಕೂಲಿಕಾರ್ತಿಗೆ ಔಷಧಿ ಹೊಡೆಯೋ ಹೊಲದಿಂದ ಬಿಡುವು ಸಿಗಲಿ, ಆ ದಿನಗಳ ಕೂಲಿ ಸರ್ಕಾರ ಕೊಡಲಿ.
4. ಮ್ಯಾಂಕೋಜೆಬ್ ಪಟ್ಟಿಗೆ ವಾಪಸ್ ಬರಲಿ.

ಇದು ರೈತರ ವಿರುದ್ಧ ಅಲ್ಲ. ಒಂದೆಕರೆ ಇರೋ ನಮ್ಮವರೂ ಅದನ್ನೇ ಹೊಡೀತಾರೆ, ಅವರ ಹೆಂಡತಿಯೂ ಅದೇ ಬಟ್ಟೆ ಒಗೀತಾಳೆ.

ಮುಂದಿನ ಗ್ರಾಮಸಭೆಯಲ್ಲಿ ಮೊದಲೆರಡು ಬೇಡಿಕೆ ಬಾಯಿಮಾತಲ್ಲಿ ಬೇಡ, ಅರ್ಜಿ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಆಶಾ ಅಕ್ಕಂದಿರನ್ನೂ ಜೊತೆಗೆ ಕರ್ಕೊಂಡು ಹೋಗಿ. ಜೈಭೀಮ್.